ವಿಷಯ ಕೊಟ್ಟು ಬರೆಸುವ ಚಿತ್ರ: ಮಕ್ಕಳ ಚಿತ್ರಕಲಾ ಸ್ಪರ್ಧೆಗಳನ್ನು ಕುರಿತು

ಮಕ್ಕಳ ಚಿತ್ರಕಲಾ ಸ್ಪರ್ಧೆಯೆಂಬುದು ಕರ್ನಾಟಕದ ಸಾರ್ವಜನಿಕ ಬದುಕಿನಲ್ಲಿ ಗಣೇಶೋತ್ಸವದಷ್ಟೇ ಸಹಜವಾಗಿ ಬೆರೆತುಹೋಗಿದೆ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಿಂದ ಹಿಡಿದು ಬ್ಯಾಂಕುಗಳು, ಸೇವಾ ಸಂಸ್ಥೆಗಳು, ಬಡಾವಣೆಯ ಸಂಘಗಳವರೆಗೆ ಎಲ್ಲರೂ ಇದನ್ನು ನಡೆಸುತ್ತಾರೆ. ಸ್ಪರ್ಧೆ ಎಂದ ಮೇಲೆ ಒಂದು ವಿಷಯ ಇರಲೇಬೇಕೆಂಬುದು ಅಲಿಖಿತ ನಿಯಮ: ಪರಿಸರ ಸಂರಕ್ಷಣೆ, ನೀರಿನ ಮಿತಬಳಕೆ, ರಸ್ತೆ ಸುರಕ್ಷತೆ, ರಾಷ್ಟ್ರೀಯ ಭಾವೈಕ್ಯ. ಬಹುಮಾನ ಪಡೆದ ಮಕ್ಕಳ ಭಾವಚಿತ್ರ ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ; ಅವರು ಬರೆದ ಚಿತ್ರ ಅಚ್ಚಾಗುವುದು ಅಪರೂಪ. ವಿಮರ್ಶೆಯ ಕಣ್ಣಂತೂ ಅದರತ್ತ ಹೊರಳುವುದೇ ಇಲ್ಲ.

ಭಾರತದಲ್ಲಿ ಇಂಥ ಸ್ಪರ್ಧೆಗಳಿಗೆ ವ್ಯಾಪಕ ರೂಪ ಕೊಟ್ಟವರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೈ ಪ್ರಮುಖರು. 1948ರಲ್ಲಿ 'ಶಂಕರ್ಸ್ ವೀಕ್ಲಿ' ಆರಂಭಿಸಿದ ಅವರು ಮರುವರ್ಷವೇ ಮಕ್ಕಳ ಚಿತ್ರ ಮತ್ತು ಬರವಣಿಗೆಯ ಸ್ಪರ್ಧೆಯನ್ನು ಹಮ್ಮಿಕೊಂಡರು. ಅದು ಮುಂದೆ ಅಂತರರಾಷ್ಟ್ರೀಯ ಸ್ವರೂಪ ಪಡೆಯಿತು. 1952ರಿಂದ ದೆಹಲಿಯಲ್ಲಿ ಸ್ಥಳದಲ್ಲೇ ಚಿತ್ರ ಬರೆಯುವ ಸ್ಪರ್ಧೆಯೂ ಜೊತೆಗೂಡಿತು. ಸ್ವಾತಂತ್ರ್ಯದ ಹೊಸತನದಲ್ಲಿ ಹುಟ್ಟಿದ ಈ ಪ್ರಯತ್ನದ ಕೇಂದ್ರದಲ್ಲಿದ್ದದ್ದು ಮಗು. ಅರ್ಧ ಶತಮಾನದ ನಂತರ, 2005ರಲ್ಲಿ, ಕೇಂದ್ರ ಇಂಧನ ಸಚಿವಾಲಯದ ಆಶ್ರಯದಲ್ಲಿ ಇಂಧನ ಉಳಿತಾಯ ಕುರಿತ ರಾಷ್ಟ್ರೀಯ ಚಿತ್ರಕಲಾ ಸ್ಪರ್ಧೆ ಆರಂಭವಾಯಿತು. ಇಲ್ಲಿ ಕೇಂದ್ರಕ್ಕೆ ಬಂದದ್ದು ಸಂದೇಶ. ಮಗು ಅದರ ವಾಹಕ. ಈ ಸ್ಥಾನಪಲ್ಲಟವನ್ನು ಯಾರೂ ಉದ್ದೇಶಪೂರ್ವಕವಾಗಿ ಮಾಡಿದ್ದಲ್ಲ. ಹಣ ಒದಗಿಸುವ ಸಂಸ್ಥೆಗೆ ತನ್ನ ಕಾರ್ಯಕ್ರಮದ ಪ್ರಚಾರ ಬೇಕು, ಶಾಲೆಗೆ ಸ್ಪರ್ಧೆ ಬೇಕು, ಎರಡೂ ಒಂದಾದವು.

ಹಾಗೆಂದು ವಿಷಯ ಕೊಡುವುದೇ ತಪ್ಪು, ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಬೇಕು ಎಂಬ ವಾದ ನಿಲ್ಲುವುದಿಲ್ಲ. ಮಕ್ಕಳ ಕಲೆಗೆ ಸ್ವತಂತ್ರ ಅಸ್ತಿತ್ವವಿದೆಯೆಂದು ಸಾರಿ 1897ರಲ್ಲಿ ವಿಯೆನ್ನಾದಲ್ಲಿ ಮಕ್ಕಳ ಕಲಾ ತರಗತಿ ತೆರೆದ ಫ್ರಾಂಝ್ ಚಿಝೆಕ್ ಕೂಡ ವಿಷಯ ಕೊಡುತ್ತಿದ್ದರು. 1921ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ, ಅವರ ಒಂದು ತರಗತಿಯ ವರದಿಯ ವಿಷಯವೇ 'ಶರತ್ಕಾಲ'. ಇನ್ನೂ ಬೋಧಪ್ರದವಾದದ್ದು ಇಂಗ್ಲೆಂಡಿನ ಡಡ್ಲಿಯ ಬಾಲಕಿಯರ ಶಾಲೆಯಲ್ಲಿ ಮೇರಿಯನ್ ರಿಚರ್ಡ್‌ಸನ್ ನಡೆಸಿದ ಪ್ರಯೋಗ. ಆಕೆ ಒಂದು ಬೀದಿಯನ್ನೋ ಅಂಗಡಿಯನ್ನೋ ಮಾತಿನಲ್ಲೇ ವರ್ಣಿಸುತ್ತಿದ್ದರು. ವಿದ್ಯಾರ್ಥಿನಿಯರು ಕಣ್ಣು ಮುಚ್ಚಿ ಕೇಳಿ, ಮನಸ್ಸಿನಲ್ಲಿ ಮೂಡಿದ್ದನ್ನು ಬಣ್ಣದಲ್ಲಿ ಹಿಡಿಯುತ್ತಿದ್ದರು. ಆ ಚಿತ್ರಗಳನ್ನು ಕಂಡು ಬೆರಗಾದವರಲ್ಲಿ ಕಲಾವಿಮರ್ಶಕ ರೋಜರ್ ಫ್ರೈ ಒಬ್ಬರು. ಇಲ್ಲಿಯೂ ವಿಷಯವಿತ್ತು. ಆದರೆ ಅದು ಕಾಣುವುದಕ್ಕೆ ಕರೆಯಾಗಿತ್ತು, ಒಪ್ಪಿಸಬೇಕಾದ ಪಾಠವಾಗಿರಲಿಲ್ಲ.

ವ್ಯತ್ಯಾಸ ಇರುವುದು ವಿಷಯದ ಪದಗಳಲ್ಲಿ. 'ನೀರು ಉಳಿಸಿ' ಎಂಬುದು ಆಜ್ಞೆ. ಆಜ್ಞೆಯಲ್ಲಿ ಉತ್ತರ ಮೊದಲೇ ಅಡಗಿರುತ್ತದೆ. ಮಗುವಿಗೆ ಉಳಿಯುವುದು ಅದನ್ನು ಅಲಂಕರಿಸುವ ಕೆಲಸ. ಪರಿಣಾಮವಾಗಿ ಊರೂರಲ್ಲಿ ಒಂದೇ ಚಿತ್ರ: ಎರಡು ಅಂಗೈಗಳ ನಡುವೆ ಭೂಗೋಲ, ನಲ್ಲಿಯ ತುದಿಯಲ್ಲಿ ತೂಗುವ ಹನಿ, ಅರ್ಧ ಹಸಿರು ಅರ್ಧ ಕಂದಾಗಿ ಸೀಳಿದ ಹಾಳೆ, ಕಣ್ಣೀರಿಡುವ ಮರ. ಇವು ಮಕ್ಕಳು ಕಂಡವಲ್ಲ, ಭಿತ್ತಿಪತ್ರಗಳಿಂದ ಇಳಿದು ಬಂದವು. ಅದೇ ವಿಷಯವನ್ನು 'ನಮ್ಮ ಮನೆಗೆ ನೀರು ಬರುವ ಬಗೆ' ಎಂದು ಕೊಟ್ಟರೆ ಏನಾಗಬಹುದು? ಕೋಲಾರದ ಮಗುವಿಗೆ ಟ್ಯಾಂಕರಿನ ಮುಂದಿನ ಕೊಡಗಳ ಸಾಲಿದೆ. ಮಲೆನಾಡಿನ ಮಗುವಿಗೆ ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ಹರಿದು ಬರುವ ಅಬ್ಬಿ ನೀರು, ದಕ್ಷಿಣ ಕನ್ನಡದ ಗಡಿಯ ಹಳ್ಳಿಯ ಮಗುವಿಗೆ ಗುಡ್ಡದೊಳಗೆ ಕೊರೆದ ಸುರಂಗ, ಬೆಂಗಳೂರಿನ ಮಗುವಿಗೆ ನೆಲದಡಿಯ ಸಂಪು. ನೀರಿನ ಬೆಲೆಯ ತಿಳಿವಳಿಕೆ ಈ ಚಿತ್ರಗಳಲ್ಲಿ ಹನಿಯ ಚಿತ್ರಕ್ಕಿಂತ ಕಡಿಮೆ ಇರುವುದಿಲ್ಲ. ಆಯೋಜಕರು ಬಯಸಿದ ಸಂದೇಶವೇ ಇಲ್ಲಿ ಹೆಚ್ಚು ಆಳವಾಗಿ ದೊರೆಯುತ್ತದೆ. ಘೋಷಣೆಯ ರೂಪದಲ್ಲಿ ಮಾತ್ರ ದೊರೆಯುವುದಿಲ್ಲ.

ಆದರೆ ಹಾಗೆ ಬರೆದ ಮಗು ಗೆಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ. ನೂರಾರು ಹಾಳೆಗಳನ್ನು ನೆಲದ ಮೇಲೆ ಹರಡಿ, ನಿಂತ ನಿಲುವಿನಲ್ಲೇ ನೋಡುತ್ತ ಸಾಗುವುದು ತೀರ್ಪಿನ ರೂಢಿ. ದೂರದಿಂದಲೇ ಓದಿಸಿಕೊಳ್ಳುವ ಚಿತ್ರಕ್ಕೆ ಇದರಲ್ಲಿ ಅನುಕೂಲ. ಬಾಗಿ ನೋಡಬೇಕಾದ ಚಿತ್ರ ಸೋಲುತ್ತದೆ. ಜೊತೆಗೆ ತೀರ್ಪುಗಾರರ ತರಬೇತಿಯೂ ಅಡ್ಡ ಬರುತ್ತದೆ. ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳ ಯಥಾದೃಷ್ಟ ಚಿತ್ರಣದಲ್ಲಿ ಪಳಗಿದ ಕಣ್ಣಿಗೆ ಏಳು ವರ್ಷದ ಮಗುವಿನ ಚಿತ್ರದಲ್ಲಿ ತಪ್ಪುಗಳೇ ಕಾಣುತ್ತವೆ. ಮಗು ತಾನು ಕಂಡದ್ದಕ್ಕಿಂತ ತಾನು ಬಲ್ಲದ್ದನ್ನು ಬರೆಯುತ್ತದೆ ಎಂಬುದನ್ನು ಫ್ರೆಂಚ್ ವಿದ್ವಾಂಸ ಲ್ಯೂಕೆ 1927ರಲ್ಲೇ ಪ್ರತಿಪಾದಿಸಿದ್ದರು. ಗೋಡೆ ಇದ್ದೂ ಮನೆಯ ಒಳಗಿನ ಒಲೆ ಕಾಣುವುದು, ಕೊಡ ಹೊತ್ತವಳ ಕೈ ಮೈಗಿಂತ ಉದ್ದವಾಗುವುದು, ಬೀದಿಯ ಎರಡು ಬದಿಯ ಮನೆಗಳೂ ಅಂಗಾತ ಮಲಗುವುದು, ಇವೆಲ್ಲ ಆ ವಯಸ್ಸಿನ ಚಿತ್ರದ ವ್ಯಾಕರಣ. ಮಗುವಿಗೆ ಮಹತ್ವವೆನಿಸಿದ್ದು ಹಿಗ್ಗುತ್ತದೆ, ಅಲ್ಲದ್ದು ಕುಗ್ಗುತ್ತದೆ ಎಂದು ತಮ್ಮ 1947ರ ಗ್ರಂಥದಲ್ಲಿ ಬೆಳವಣಿಗೆಯ ಹಂತಗಳನ್ನು ನಿರೂಪಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಮಕ್ಕಳ ಕಲೆಯಲ್ಲಿ ಸ್ಪರ್ಧೆಯನ್ನೇ ಒಪ್ಪಿದವರಲ್ಲ. ಅವರ ನಿಲುವನ್ನು ಪೂರ್ತಿಯಾಗಿ ಪಾಲಿಸುವುದು ನಮ್ಮ ಶಾಲೆಗಳಲ್ಲಿ ಕಷ್ಟ. ಚಿತ್ರಕಲಾ ಶಿಕ್ಷಕರಿಲ್ಲದ ಎಷ್ಟೋ ಶಾಲೆಗಳಲ್ಲಿ ಮಗುವಿನ ಕೈಗೆ ಇಡೀ ಹಾಳೆಯೊಂದು ಸಿಗುವ ಸಂದರ್ಭವೇ ಸ್ಪರ್ಧೆ. ಆದರೆ ಆರು ವರ್ಷದವರನ್ನೂ ಹನ್ನೆರಡರವರನ್ನೂ ಒಂದೇ ಅಳತೆಗೋಲಿನಿಂದ ಅಳೆಯದಿರುವುದು ಖಂಡಿತ ಸಾಧ್ಯ.

ವಿಷಯವನ್ನು ಮೊದಲೇ ಪ್ರಕಟಿಸಬೇಕೇ, ಸ್ಥಳದಲ್ಲೇ ಕೊಡಬೇಕೇ ಎಂಬ ಚರ್ಚೆಯೂ ಹಳೆಯದು. ಮೊದಲೇ ತಿಳಿಸಿದರೆ ನಗರದ ಚಿತ್ರಕಲಾ ತರಗತಿಗಳಲ್ಲಿ ಹಿರಿಯರು ತಿದ್ದಿದ ಚಿತ್ರವನ್ನು ಮಗು ಹತ್ತು ಸಲ ಬರೆದು ಬಾಯಿಪಾಠದಂತೆ ಕಂಠಸ್ಥ ಮಾಡಿಕೊಂಡು ಬರುತ್ತದೆ. ಸ್ಥಳದಲ್ಲೇ ಕೊಟ್ಟರೆ, ಗಾಬರಿಗೊಂಡ ಮಗು ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ, ಒಂದು ಗುಡಿಸಲು ಎಂಬ ಸಿದ್ಧ ನಕ್ಷೆಗೆ ಮೊರೆ ಹೋಗುತ್ತದೆ. ಎರಡೂ ಕಂಠಪಾಠವೇ. ಶಾಂತಿನಿಕೇತನದಲ್ಲಿ ಕಲಿತು ಸೇವಾಗ್ರಾಮದಲ್ಲಿ ಮಕ್ಕಳಿಗೆ ಕಲೆ ಕಲಿಸಿದ ದೇವಿಪ್ರಸಾದರು ಕಲೆಯನ್ನು ಶಿಕ್ಷಣದ ಆಧಾರವೆಂದೇ ಕರೆದದ್ದನ್ನು ಇಲ್ಲಿ ನೆನೆಯಬೇಕು. ನಿತ್ಯದ ತರಗತಿಯಲ್ಲಿ ಇಲ್ಲದ ಅಭ್ಯಾಸವನ್ನು ಎರಡು ಗಂಟೆಯ ಸ್ಪರ್ಧೆ ಹುಟ್ಟಿಸಲಾರದು. ಆದರೂ ಬರೆಯುವ ಮುನ್ನ ಅರ್ಧ ಗಂಟೆ ವಿಷಯದ ಬಗ್ಗೆ ಮಕ್ಕಳೊಡನೆ ಮಾತನಾಡುವ, ಅವರಿಂದಲೇ ನೆನಪುಗಳನ್ನು ಹೊರಡಿಸುವ ರಿಚರ್ಡ್‌ಸನ್ನರ ಕ್ರಮ ಯಾವ ಖರ್ಚನ್ನೂ ಬೇಡುವುದಿಲ್ಲ. ಸಾಮಗ್ರಿಯ ಅಸಮಾನತೆಗೆ ಪರಿಹಾರ ಇನ್ನೂ ಸುಲಭ: ಹಾಳೆಯ ಜೊತೆಗೆ ಬಣ್ಣವನ್ನೂ ಆಯೋಜಕರೇ ಎಲ್ಲರಿಗೂ ಒಂದೇ ಬಗೆಯದನ್ನು ಕೊಡುವುದು. ಮೇಣದ ಬಣ್ಣದ ಆರು ಕಡ್ಡಿಗಳು ಪೋಸ್ಟರ್ ಬಣ್ಣದ ಪೆಟ್ಟಿಗೆಯೊಡನೆ ಸೆಣಸುವುದು ಸ್ಪರ್ಧೆ ಎನಿಸದು.

ಬಹುಮಾನ ವಿತರಣೆಯ ನಂತರ ಈ ಚಿತ್ರಗಳಿಗೆ ಒದಗುವ ಗತಿಯೂ ವಿಮರ್ಶೆಯ ವ್ಯಾಪ್ತಿಗೆ ಸೇರಬೇಕಾದದ್ದು. ಮೊದಲ ಮೂರು ಚಿತ್ರಗಳಿಗೆ ಚೌಕಟ್ಟು ಬೀಳುತ್ತದೆ. ಉಳಿದವು ಕಟ್ಟುಕಟ್ಟಾಗಿ ಕೋಣೆಯ ಮೂಲೆ ಸೇರಿ ಕೊನೆಗೆ ರದ್ದಿಗೆ ಹೋಗುತ್ತವೆ. ಒಂದು ಪ್ರದೇಶದ ಮಕ್ಕಳು ತಮ್ಮ ಮನೆ, ಹೊಲ, ಬೀದಿ, ಹಬ್ಬಗಳನ್ನು ಹೇಗೆ ಕಂಡರೆಂಬುದರ ದಾಖಲೆ ಹೀಗೆ ವರ್ಷವರ್ಷವೂ ನಾಶವಾಗುತ್ತಿದೆ. ಸೋತ ಚಿತ್ರಗಳಲ್ಲೇ ಆ ದಾಖಲೆ ಹೆಚ್ಚು ನಿಚ್ಚಳವಾಗಿರುವ ಸಂಭವವಿರುವುದರಿಂದ ಈ ನಷ್ಟ ಸಣ್ಣದಲ್ಲ. ಪ್ರತಿ ಜಿಲ್ಲೆಯಿಂದ ವರ್ಷಕ್ಕೆ ನೂರು ಚಿತ್ರಗಳನ್ನು, ಗೆದ್ದವು ಸೋತವು ಎಂದೆಣಿಸದೆ ಆಯ್ದು, ಹಾಳೆಯ ಹಿಂಬದಿಯಲ್ಲಿ ಮಗುವಿನ ವಯಸ್ಸು, ಊರು, ವರ್ಷ ಹಾಗೂ ಕೊಟ್ಟ ವಿಷಯದ ನಿಖರವಾದ ಪದಗಳನ್ನು ಬರೆದು ಕಾಯ್ದಿಡುವ ಕೆಲಸವನ್ನು ಅಕಾಡೆಮಿಯಂಥ ಸಂಸ್ಥೆಯೇ ವಹಿಸಿಕೊಳ್ಳಬೇಕಾಗಿದೆ. ಯಾವ ವಿಷಯಕ್ಕೆ ಮಕ್ಕಳು ಹೇಗೆ ಸ್ಪಂದಿಸಿದರೆಂಬುದನ್ನು ಆಗ ಹಾಳೆಗಳನ್ನು ಎದುರಿಗಿಟ್ಟುಕೊಂಡೇ ಪರಿಶೀಲಿಸಬಹುದು.