ಕೋರ್ಟಿಗೆ ಬಾಗಿಲು ಹಾಕಿದ ಕಚೇರಿ

ಹೋದ ಬೇಸಿಗೆಯಲ್ಲಿ ಶಲವಡಿಯ ಒಂದು ಪಡಸಾಲೆಯಲ್ಲಿ, ಎಪ್ಪತ್ತು ದಾಟಿದ ಹೆಣ್ಣುಮಗಳೊಬ್ಬಳು ನನ್ನ ಮುಂದೆ ಪ್ಲಾಸ್ಟಿಕ್ ಚೀಲ ಬಿಚ್ಚಿದಳು. ಒಳಗೆ ಮೂರು ಕಾಗದ: ಉತಾರ (ಪಹಣಿ), ವಂಶಾವಳಿ, ಕಂದಾಯ ಕಚೇರಿಯ ಒಂದು ಆದೇಶದ ನಕಲು. ಉತಾರದ 9ನೇ ಕಾಲಂನಲ್ಲಿ ತೀರಿಹೋದ ಅಣ್ಣನ ಹೆಸರು, 11ರಲ್ಲಿ ಸೊಸೈಟಿ ಸಾಲದ ಬೋಜಾ. ಆಕೆಯ ಹೆಸರು ಎಲ್ಲೂ ಇಲ್ಲ. ಆದೇಶ ಎರಡು ಪುಟ ಇತ್ತು, ತಿರುಳು ಕೊನೆಯ ಸಾಲಿನಲ್ಲಿ: ಹಕ್ಕಿನ ತಕರಾರು ಇರುವುದರಿಂದ ಅರ್ಜಿದಾರರು ಸಿವಿಲ್ ಕೋರ್ಟಿಗೆ ಹೋಗತಕ್ಕದ್ದು. ಆಕೆ ಅಲ್ಲಿಗೂ ಹೋಗಿ ಬಂದಿದ್ದಳು. ವಕೀಲರು, ಮೊದಲು ಉತಾರ ಸರಿ ಮಾಡಿಸಿಕೊಂಡು ಬಾ ಎಂದಿದ್ದರು. “ಅವ್ರು ಅತ್ತ ಹೋಗು ಅಂತಾರ, ಇವ್ರು ಇತ್ತ ಹೋಗು ಅಂತಾರ. ನಾ ಬಾವ್ಯಾನ ಕೊಡ ಆಗೇನ್ನೋಡ್ರಿ” ಎಂದಳು. ಸಿಟ್ಟಿಲ್ಲ, ಅಳು ಇಲ್ಲ. ಕಾಗದ ಮಡಚಿ ಮತ್ತೆ ಚೀಲಕ್ಕೆ ಹಾಕಿದಳು.

ನಮ್ಮ ನ್ಯಾಯವ್ಯವಸ್ಥೆಯ ಮೇಲೆ ಬಿದ್ದ ವಸಾಹತುಶಾಹಿ ನೆರಳಿನ ಬಗ್ಗೆ ಭಾಷಣಕ್ಕೇನೂ ಬರವಿಲ್ಲ. ಕರಿ ಕೋಟು, ‘ಮೈ ಲಾರ್ಡ್’, ಇಂಗ್ಲಿಷ್ ತೀರ್ಪು, ಬೇಸಿಗೆ ರಜೆ, ಮೆಕಾಲೆ: ಪಟ್ಟಿ ಎಲ್ಲರಿಗೂ ಬಾಯಿಪಾಠ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ, 1860ರ ದಂಡಸಂಹಿತೆಯ ಜೊತೆಗೇ ಗುಲಾಮಗಿರಿಯೂ ತೊಲಗಿತು ಎಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಹೊಸ ನ್ಯಾಯದೇವತೆ, ಕಣ್ಣಿಗೆ ಪಟ್ಟಿ ಇಲ್ಲದಾಕೆ, ಸುದ್ದಿಯಾದಳು. ಎದುರು ಪಾಳಯದವರ ವಾದ ಇದರ ತಿರುವು: ಇಂಗ್ಲಿಷರು ಏನೇ ಲೂಟಿ ಮಾಡಿರಲಿ, ಗೌಡ ಕುಲಕರ್ಣಿಗಳ ಬಾಯಿಮಾತಿನ ನ್ಯಾಯದಿಂದ ನಮ್ಮನ್ನು ಬಿಡಿಸಿದರು, ಕಾಯ್ದೆಯ ಮುಂದೆ ಎಲ್ಲರೂ ಸಮ ಎಂದರು. ಎರಡೂ ಕಡೆ ನನ್ನ ಗೆಳೆಯರಿದ್ದಾರೆ. ಇಬ್ಬರೂ ಕಣ್ಣು ನೆಟ್ಟಿರುವುದು ಕೋರ್ಟಿನ ಕಟ್ಟಡದ ಮೇಲೆಯೇ. ನನ್ನ ತಕರಾರು ಶುರುವಾಗುವುದು ಅಲ್ಲಿ. ವಸಾಹತುಶಾಹಿಯ ಗಟ್ಟಿ ಉಳಿಕೆಯನ್ನು ಹುಡುಕಬೇಕಾದ್ದು, ಕೋರ್ಟು ಒಳಗೆ ಬರಬಾರದೆಂದು ಬಾಗಿಲು ಹಾಕಿಕೊಂಡ ಕಚೇರಿಯಲ್ಲಿ.

ಶಲವಡಿ ಇರುವ ಈ ನವಲಗುಂದ ಸೀಮೆಗೆ ಈಸ್ಟ್ ಇಂಡಿಯಾ ಕಂಪನಿ ಕಾಲಿಟ್ಟ ರೀತಿ ನೋಡಿ. 1817ರ ಕೊನೆಗೆ ಪೇಶ್ವೆಯೊಡನೆ ಯುದ್ಧ ಹತ್ತಿದಾಗ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಧಾರವಾಡದಲ್ಲಿದ್ದ, ಕೈಯಲ್ಲಿ ದಂಡು ಬಹಳ ಇರಲಿಲ್ಲ. ನವಲಗುಂದಕ್ಕೆ ಅವನು ಕಳಿಸಿದ್ದು ರಾಮರಾವ್ ಎಂಬ ಅಮಲ್ದಾರನನ್ನು, ಬೆನ್ನಿಗೆ ಒಂದಷ್ಟು ಪೇದೆಗಳನ್ನು. ಸೀಮೆ ಪೂರ್ತಿ ಕೈಗೆ ಬರುವ ಮೊದಲೇ ವಸೂಲಿ ಅಧಿಕಾರಿಯ ನೇಮಕ ಆಗಿತ್ತು. ಕೋರ್ಟು ಬಂದದ್ದು ಆಮೇಲೆ, ಮತ್ತು ಬಂದಾಗ ಅದರ ನಡೆ ಅಷ್ಟೇನೂ ಕೆಟ್ಟದ್ದಿರಲಿಲ್ಲ. ಗವರ್ನರ್ ಎಲ್ಫಿನ್‌ಸ್ಟನ್ ಕಾಲದ 1827ರ ನಾಲ್ಕನೆಯ ಮುಂಬಯಿ ರೆಗ್ಯುಲೇಶನ್, ಲಿಖಿತ ಕಾಯ್ದೆ ಇಲ್ಲದ ಕಡೆ ನಾಡಿನ ರೂಢಿ ನೋಡಿ, ಅದೂ ಇಲ್ಲವಾದರೆ ಪ್ರತಿವಾದಿಯ ಧರ್ಮಶಾಸ್ತ್ರ ನೋಡಿ ಎಂದಿತು. ಶಾಸ್ತ್ರಕ್ಕಿಂತ ರೂಢಿಯನ್ನು ಮುಂದಿಟ್ಟದ್ದು ಸಣ್ಣ ಮಾತಲ್ಲ. ಮುನ್ಸಿಫನ ಮುಂದೆ ಈ ಕರಿಮಣ್ಣಿನ ರೈತ ತನ್ನ ಊರಿನ ವಾಡಿಕೆಯನ್ನು ಸಾಕ್ಷಿ ಹಾಕಿ ಸಾಧಿಸಬಹುದಿತ್ತು. ಎದುರಾಳಿ ಸರ್ಕಾರವೇ ಆಗಿದ್ದರೆ?

ಅದಕ್ಕೆ ಉತ್ತರ ಮೂರು ಕಾಯ್ದೆಗಳಲ್ಲಿದೆ. ವಸಾಹತು ಕಾಲದ ನ್ಯಾಯದ ಬಗ್ಗೆ ಬರೆಯುವ ನಮ್ಮವರು ಇವುಗಳ ಹೆಸರೆತ್ತುವುದು ಅಪರೂಪ. 1852ರ ಇನಾಮ್ ಕಮಿಶನ್ ಕಾಯ್ದೆ ಇನಾಮು ಭೂಮಿಯ ಹಕ್ಕು ಖರೆಯೋ ಸುಳ್ಳೋ ಎಂದು ತೀರ್ಮಾನಿಸುವ ಕೆಲಸವನ್ನು ಕೋರ್ಟಿನಿಂದ ಕಿತ್ತು ಅಧಿಕಾರಿಗಳಿಗೆ ಕೊಟ್ಟಿತು. ನೆಲದ ಮೇಲೆ ಕಣ್ಣಿಟ್ಟ ಸರ್ಕಾರ ಒಂದು ಕಡೆಯ ಪಕ್ಷಗಾರ, ಅದರದ್ದೇ ಅಧಿಕಾರಿ ನ್ಯಾಯಾಧೀಶ. ನೆರೆಯ ನರಗುಂದದ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, 1858ರ ಮೇ ತಿಂಗಳಲ್ಲಿ ಎದ್ದದ್ದು ದತ್ತಕ ನಿರಾಕರಿಸಿದ ಕಿಚ್ಚಿನಿಂದ ಎಂದು ಶಾಲೆಯ ಪುಸ್ತಕ ಹೇಳುತ್ತದೆ, ಅದು ನಿಜವೂ ಹೌದು. ಆದರೆ ಅವನು ಕೊಂದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಅದಕ್ಕೂ ಮೊದಲು ಇನಾಮ್ ಕಮಿಶನ್ನಿನಲ್ಲಿ ದುಡಿದವನು ಎಂಬುದನ್ನು ನಾವು ಅಡಿಟಿಪ್ಪಣಿಗೆ ತಳ್ಳಿದ್ದೇವೆ. ದತ್ತಕ ಒಪ್ಪುವುದೋ ಬಿಡುವುದೋ ಎಂಬುದನ್ನೂ ಯಾವ ಜಡ್ಜನೂ ತೀರ್ಮಾನಿಸಲಿಲ್ಲ, ಸರ್ಕಾರ ತೀರ್ಮಾನಿಸಿತು. ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಎರಡನೆಯದು 1876ರ ಮುಂಬಯಿ ರೆವಿನ್ಯೂ ಜುರಿಸ್ಡಿಕ್ಷನ್ ಕಾಯ್ದೆ. ಕಂದಾಯ ಎಷ್ಟು, ಹೇಗೆ ಕಟ್ಟಿದರು, ಬಾಕಿಗೆ ಹೊಲ ಲಿಲಾವು ಮಾಡಿದ್ದು ಸರಿಯೇ, ವತನದ ಭೂಮಿ (ವಂಶಪಾರಂಪರ್ಯ ಚಾಕರಿಗೆ ಕೊಟ್ಟದ್ದು) ಯಾರದು, ಇಂಥವುಗಳಲ್ಲಿ ಸರ್ಕಾರದ ಮೇಲೆ ಹಾಕಿದ ದಾವೆಯನ್ನು ಸಿವಿಲ್ ಕೋರ್ಟು ಕೇಳಕೂಡದು ಎಂದು ಅದು ವಿಧಿಸಿತು. ಲಿಲಾವಿನಲ್ಲಿ ತಪ್ಪಾಗಿದ್ದರೂ, ಕ್ರಮ ತಪ್ಪಿದ್ದರೂ ಕೇಳುವಂತಿಲ್ಲ, ಮೋಸ ನಡೆದಿದ್ದರೆ ಮಾತ್ರ ಕೇಳಬಹುದು. ಒಂದು ರಾಜ್ಯ ತನ್ನ ತಪ್ಪಿಗೆ ತಾನೇ ಬರೆದುಕೊಂಡ ಮಾಫಿ ಪತ್ರ ಇದು. ಈಗ 1964ರ ಕರ್ನಾಟಕ ಭೂಕಂದಾಯ ಕಾಯ್ದೆ ತೆಗೆದು 61ನೇ ಕಲಂ ಓದಿ. ವತನದ ಬಾಬ್ತು, ಕಂದಾಯದ ಮೊತ್ತ, ಬಾಕಿಯ ಲಿಲಾವು, ಮೋಸವೊಂದನ್ನು ಬಿಟ್ಟು: ಅದೇ ಸರಣಿ, ಅದೇ ಪದ. ಸ್ವಾತಂತ್ರ್ಯ ಬಂದು ಹದಿನೇಳನೇ ವರ್ಷಕ್ಕೆ, ನಮ್ಮವರೇ ಕೂತ ವಿಧಾನಸಭೆಯಲ್ಲಿ, ಹಳೆಯ ಗೋಡೆಗೆ ಹೊಸ ಸುಣ್ಣ ಬಳಿದರು. ಮೆಕಾಲೆಯ ಮೇಲೆ ಇಷ್ಟು ಸಿಟ್ಟು ಮಾಡುವವರು ಈ ಕಲಂ ಬಗ್ಗೆ ಒಂದು ಸಾಲು ಬರೆದದ್ದನ್ನು ನಾನು ಕಂಡಿಲ್ಲ.

ಮೂರನೆಯದು ಉತಾರದ ಕಥೆ. ಹಕ್ಕುದಾಖಲೆ ಎಂಬುದು ಮುಂಬಯಿ ಪ್ರಾಂತಕ್ಕೆ ಬಂದದ್ದು 1903ರಲ್ಲಿ, 1913ರಲ್ಲಿ ಅದನ್ನು 1879ರ ಭೂಕಂದಾಯ ಸಂಹಿತೆಯೊಳಗೆ ಸೇರಿಸಿದರು. ಅದಕ್ಕೂ ಮುಂಚೆ ಸರ್ವೆ ಅಧಿಕಾರಿ ವಿಂಗೇಟನ ಕಡೆಯವರು 33 ಅಡಿಯ ಸರಪಳಿ ಎಳೆದು, ಆ ಅಳತೆಯ ಚೌಕಕ್ಕೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ ಎಂದು ನಮ್ಮ ಕೂರಿಗೆಯ ಹೊಲಗಳಿಗೆ ನಂಬರು ಹಚ್ಚಿದ್ದರು. ಉದ್ದೇಶ ಸರಳ: ದುಡ್ಡು ಯಾರಿಂದ ವಸೂಲು ಮಾಡಬೇಕು? ಆ ಚೀಟಿಗೆ ಕಾಯ್ದೆ ಒಂದು ವಿಚಿತ್ರ ತೂಕ ಕೊಟ್ಟಿತು. ಸುಳ್ಳೆಂದು ಸಾಬೀತಾಗುವ ತನಕ ಅದರಲ್ಲಿರುವುದೇ ಸತ್ಯ ಎಂದು ಭಾವಿಸತಕ್ಕದ್ದು. ಇಂದಿನ ಕಾಯ್ದೆಯ 133ನೇ ಕಲಂ ಹೇಳುವುದೂ ಇದನ್ನೇ. ಅದೇ ಉಸುರಿನಲ್ಲಿ ಕೋರ್ಟುಗಳು ನೂರಾರು ತೀರ್ಪಿನಲ್ಲಿ ಹೇಳುತ್ತ ಬಂದದ್ದು, ಉತಾರ ಕಂದಾಯದ ಕೆಲಸಕ್ಕೆ ಮಾತ್ರ, ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ ಎಂದು. ಅಂದರೆ ಸತ್ಯವೆಂದು ನಂಬಬೇಕು, ಆದರೆ ಹಕ್ಕೆಂದು ನಂಬಬಾರದು. ಶಲವಡಿಯ ಆ ಹೆಣ್ಣುಮಗಳು ಕೊಡದ ಹಾಗೆ ಮೇಲೆ ಕೆಳಗೆ ಆಡುತ್ತಿರುವುದು ಈ ಎರಡು ವಾಕ್ಯಗಳ ನಡುವೆ. ಉತಾರ ಸರಿ ಮಾಡಿಸಿ ಬಾ ಎಂದ ವಕೀಲರ ಮಾತು ಕಾಯ್ದೆಯಲ್ಲಿಲ್ಲ, ಪಾಲು ಕೇಳುವ ವಾಟ್ನಿ ದಾವೆ ನೇರ ಹಾಕಬಹುದು. ಆದರೆ 133ರ ಭಾರ ಗೊತ್ತಿದ್ದ ಯಾವ ವಕೀಲರೂ ಹಾಗೆಯೇ ಹೇಳಿಯಾರು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿ ಕಂಪ್ಯೂಟರಿಗೆ ಏರಿತು. ಲಂಚ ಕಡಿಮೆಯಾಯಿತು ಎಂಬ ಹೊಗಳಿಕೆಯಲ್ಲಿ ಹುರುಳಿದೆ. ಅದರ ಜೊತೆಗೆ ಹಳೆಯ ತಪ್ಪೂ ಅಚ್ಚುಕಟ್ಟಾಗಿ ಪ್ರಿಂಟಾಗಿ ಬರುತ್ತದೆ.

ಹೆಣ್ಣುಮಕ್ಕಳ ಮಾತು ಬಂದಿದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ರೂಢಿ ಹೆಣ್ಣಿಗೆ ಕ್ರೂರ, ಇಂಗ್ಲಿಷ್ ಕಾಯ್ದೆ ದಯಾಳು ಎಂಬುದು ನಮ್ಮ ಸುಧಾರಕರ ನಂಬಿಕೆ. ಮುಂಬಯಿ ಕಡೆಯ ಹಿಂದೂ ಕಾನೂನಿನಲ್ಲಿ ಮಗಳು ಆಸ್ತಿಗೆ ವಾರಸುದಾರಳಾದರೆ ಪೂರ್ಣ ಹಕ್ಕಿನಿಂದಲೇ ಆಗುತ್ತಿದ್ದಳು, ಬೇರೆ ಪ್ರಾಂತಗಳಲ್ಲಿ ಆಕೆಗೆ ಸಿಗುತ್ತಿದ್ದುದು ಬದುಕಿರುವ ತನಕದ ಸೀಮಿತ ಹಕ್ಕು. ಇಲ್ಲಿ ಅಕ್ಕತಂಗಿಗೂ ವಾರಸುದಾರರ ಸಾಲಿನಲ್ಲಿ ಜಾಗ ಇತ್ತು. ಈ ಔದಾರ್ಯಕ್ಕೆ ವತನದ ಮನೆತನಗಳಲ್ಲಿ ಬೇಲಿ ಹಾಕಿದ್ದು 1886ರ ಐದನೇ ಮುಂಬಯಿ ಕಾಯ್ದೆ: ಕೊನೆಯ ಗಂಡು ಮಾಲೀಕನ ವಿಧವೆಯ ಹೊರತು ವತನ ಮನೆತನದ ಪ್ರತಿ ಹೆಣ್ಣೂ ಅರ್ಹತೆ ಇರುವ ಪ್ರತಿ ಗಂಡಿನ ಹಿಂದೆ ನಿಲ್ಲಬೇಕು. ಗೌಡ, ಕುಲಕರ್ಣಿ, ತಳವಾರರ ಮನೆಗಳಲ್ಲಿ ಹೆಣ್ಣಿಗೆ ಹೊಲ ಇಲ್ಲ ಎಂಬ ಮಾತನ್ನು ನಾವು ಅನಾದಿಯ ಸಂಪ್ರದಾಯ ಎಂದುಕೊಂಡಿದ್ದೇವೆ. ಅದರ ಮೇಲೆ ಸರ್ಕಾರಿ ಮೊಹರು ಬಿದ್ದು ಒಂದೂವರೆ ಶತಮಾನ ಕೂಡ ಆಗಿಲ್ಲ. ಊರಿನ ರೂಢಿ ಹೆಣ್ಣಿಗೆ ತಾಯಿಯಾಗಿತ್ತು ಎಂದು ನಾನೇನೂ ಹೇಳುತ್ತಿಲ್ಲ. ವತನ ಕಾಯ್ದೆಗೆ ಬೇಕಾಗಿದ್ದದ್ದು ಚಾಕರಿ ಮಾಡುವ ಗಂಡಾಳು, ಆ ಗಂಡಾಳಿನ ಲೆಕ್ಕಕ್ಕೆ ಮಗಳನ್ನು ಹಿಂದೆ ಸರಿಸಿದರು. ಕುಲಕರ್ಣಿ ವತನ 1951ರಲ್ಲಿ ಹೋಯಿತು, ಉಳಿದವು 1963ರಲ್ಲಿ ರದ್ದಾದವು. ಪಡಸಾಲೆಯಲ್ಲಿ ಅಣ್ಣತಮ್ಮಂದಿರು ಆಡುವ ಮಾತು ರದ್ದಾಗಿಲ್ಲ.

ಅದೇ ಕಚೇರಿಯ ಮುಂದೆ 1980ರಲ್ಲಿ ನಡೆದದ್ದನ್ನು ನೋಡಿ. ಮಲಪ್ರಭಾ ಕಾಲುವೆಯ ರೈತರ ಮೇಲೆ ಅಭಿವೃದ್ಧಿ ಕರ ಹೇರಿದರು. ಹಲವರ ಹೊಲಕ್ಕೆ ನೀರು ಬಂದಿರಲಿಲ್ಲ, ಬಂದ ಕಡೆ ಹತ್ತಿಗೆ ಬೆಲೆ ಇರಲಿಲ್ಲ. ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರು ಆಯಿತು. ಗುಂಡಿಗೆ ಬಲಿಯಾದ ಬಸಪ್ಪ ಲಕ್ಕುಂಡಿ ಮತ್ತು ವೀರಪ್ಪ ಕಡ್ಲಿಕೊಪ್ಪ ಅವರ ಹೆಸರು ಈ ಸೀಮೆಯಲ್ಲಿ ಇವತ್ತಿಗೂ ವರ್ಷಕ್ಕೊಮ್ಮೆ ಕೇಳುತ್ತದೆ. ಇದನ್ನು ರೈತ ಚಳವಳಿಯ ಹುಟ್ಟು ಎಂದು ಬರೆಯುತ್ತಾರೆ, ಸರಿಯಾಗಿಯೇ ಬರೆಯುತ್ತಾರೆ. ನನ್ನ ಪ್ರಶ್ನೆ ಇಷ್ಟೇ: ರೈತರು ಮುತ್ತಿಗೆ ಹಾಕಿದ್ದು ತಹಸೀಲ್ದಾರ ಕಚೇರಿಗೆ, ಕೋರ್ಟಿಗೆ ಯಾಕಲ್ಲ? ಯಾಕೆಂದರೆ ಸರ್ಕಾರದ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡತಕ್ಕದ್ದು ಎಂಬ ಒಂದು ಸಾಲಿನಿಂದ ಸಾಲಗಾರ ದಾವೆ ಇಲ್ಲದೆಯೇ ಸೋತಿರುತ್ತಾನೆ. ಸಾವಕಾರನಾದರೂ ಡಿಕ್ರಿ ತರಬೇಕು, ಸರ್ಕಾರ ನೋಟೀಸು ತಂದರೆ ಸಾಕು. ದಾಖಲೆ ಬರೆಯುವವ, ವಸೂಲು ಮಾಡುವವ, ಗಲಾಟೆಯಾದರೆ ತಾಲ್ಲೂಕು ದಂಡಾಧಿಕಾರಿ, ಮೂವರೂ ಒಂದೇ ಕುರ್ಚಿಯಲ್ಲಿ. ಅದನ್ನು ಮನ್ರೋ ನೋಡಿದರೆ ಗುರುತು ಹಿಡಿದಾನು. ನಿಷೇಧಾಜ್ಞೆಯ 144ನೇ ಕಲಂ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 163 ಆಗಿದೆ. ಕುರ್ಚಿ ಬದಲಾಗಿಲ್ಲ.

ನನ್ನ ವಾದಕ್ಕೆ ಎರಡು ಆಕ್ಷೇಪ ಬರುತ್ತವೆ. ಸಂವಿಧಾನ ಬಂದ ಮೇಲೆ ಹೈಕೋರ್ಟಿಗೆ ರಿಟ್ ಹಾಕಬಹುದಲ್ಲ, ಧಾರವಾಡದಲ್ಲೇ ಪೀಠ ಇದೆಯಲ್ಲ ಎಂಬುದು ಒಂದು. ಇದೆ, 2008ರಿಂದ ಸಂಚಾರಿ ಪೀಠವಾಗಿ, 2013ರಿಂದ ಕಾಯಂ ಆಗಿ, ಹೋರಾಡಿ ಪಡೆದದ್ದು. ಬೆಂಗಳೂರಿನ ಬಸ್ಸು ತಪ್ಪಿದ್ದು ದೊಡ್ಡ ಉಪಕಾರ. ಆದರೆ ವಾಸ್ತವಾಂಶದ ತಕರಾರಿದ್ದರೆ ರಿಟ್ಟಿನಲ್ಲಿ ಸಾಮಾನ್ಯವಾಗಿ ತೀರ್ಮಾನಿಸುವುದಿಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಎನ್ನುತ್ತಾರೆ. ಕೊಡಕ್ಕೆ ಮೂರನೇ ಹಗ್ಗ. ಎರಡನೆಯ ಆಕ್ಷೇಪ ಗಂಭೀರ: ಸಿವಿಲ್ ಕೋರ್ಟಿನಲ್ಲಿ ಮುದ್ದತಿನ ಮೇಲೆ ಮುದ್ದತು, ಎಲ್ಲ ಅಲ್ಲಿಗೇ ಹೋದರೆ ನ್ಯಾಯ ಮೊಮ್ಮಗನಿಗೆ ಸಿಕ್ಕೀತು. ಇದನ್ನು ನಾನು ಒಪ್ಪುತ್ತೇನೆ. ಹಾಗೆಂದು ಪಂಚಾಯ್ತಿ ಕಟ್ಟೆಗೆ ಮರಳೋಣ ಎಂಬವರ ಜೊತೆ ಮಾತ್ರ ಹೋಗಲಾರೆ. ಆ ಕಟ್ಟೆಯ ಮೇಲೆ ಕೂತವರು ಯಾರು, ಕೆಳಗೆ ಕೈಕಟ್ಟಿ ನಿಂತವರು ಯಾರು ಎಂಬುದು ಕೇರಿಯವರಿಗೆ ಗೊತ್ತು. ಹಳ್ಳಿಯ ಪಂಚಾಯ್ತಿಯೇ ಭಾರತದ ನಿಜವಾದ ನ್ಯಾಯ ಎಂಬ ರಮ್ಯ ಚಿತ್ರವನ್ನು ಮೊದಲು ಗಟ್ಟಿಯಾಗಿ ಬರೆದವರಲ್ಲಿ ಮನ್ರೋ, ಎಲ್ಫಿನ್‌ಸ್ಟನ್ ಇಬ್ಬರೂ ಇದ್ದಾರೆ. ವಸಾಹತುಶಾಹಿಗೆ ಮದ್ದೆಂದು ನಾವು ಕುಡಿಯುತ್ತಿರುವುದೂ ಅವರ ಅಂಗಡಿಯದ್ದೇ.

ನನಗೆ ಬೇಕಾದದ್ದು ಇದಕ್ಕಿಂತ ಚಿಕ್ಕದು. ಹೊಲದ ಹಕ್ಕು ಮತ್ತು ಹೊಲದ ದಾಖಲೆ ಎರಡನ್ನೂ ಒಂದೇ ಕಡೆ, ವಸೂಲಿಯ ಹಂಗಿಲ್ಲದ ಒಬ್ಬ ನ್ಯಾಯಾಧೀಶ ತೀರ್ಮಾನಿಸಲಿ, ತಾಲ್ಲೂಕಿನಲ್ಲೇ, ಕನ್ನಡದಲ್ಲೇ. ಸರ್ಕಾರ ಪಕ್ಷಗಾರನಾದಾಗ ಉಳಿದವರ ಹಾಗೆ ಕಟಕಟೆಯ ಈಚೆ ನಿಲ್ಲಲಿ. ಶಲವಡಿಯ ಆ ಹಿರಿಯಾಕೆಗೆ ಕರಿ ಕೋಟು ಅಡ್ಡಿಯಾಗಿರಲಿಲ್ಲ, ನ್ಯಾಯದೇವತೆಯ ಕಣ್ಣಪಟ್ಟಿಯನ್ನು ಆಕೆ ನೋಡಿಯೂ ಇಲ್ಲ. ಇನ್ನೊಮ್ಮೆ ಯಾರಾದರೂ ನಿಮ್ಮೂರ ವೇದಿಕೆ ಹತ್ತಿ ಬ್ರಿಟಿಷ್ ಕಾನೂನು ಕಿತ್ತೆಸೆದೆವು ಎಂದರೆ, ಚಪ್ಪಾಳೆ ನಿಂತ ಮೇಲೆ ಎದ್ದು ನಿಂತು 61ನೇ ಕಲಂ ಏನಾಯಿತು ಎಂದು ಕೇಳಿ.