ಒಪ್ಪದ ಗೆಳೆಯರ ಓಲೆಗಳು

ದೊಡ್ಡವರು ಬರೆದರೆಂದ ಮಾತ್ರಕ್ಕೆ ಕಾಗದಗಳು ಸಾಹಿತ್ಯವಾಗವು. ಬರೆದವರ ಅಂತರಂಗ ಅವುಗಳಲ್ಲಿ ಮೂಡಿರಬೇಕು. ಮ್ಯಾಕ್ಸ್ ಬಾರ್ನ್ ಮತ್ತು ಆಲ್ಬರ್ಟ್ ಐನ್‌ಸ್ಟೈನ್ 1916ರಿಂದ 1955ರವರೆಗೆ ಬರೆದುಕೊಂಡ ಪತ್ರಗಳ ಸಂಗ್ರಹ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಬಾರ್ನ್ ಅವರೇ ಇಳಿವಯಸ್ಸಿನಲ್ಲಿ ಟಿಪ್ಪಣಿ ಬರೆದು ಅಣಿಮಾಡಿದ ಈ ಗ್ರಂಥ 1969ರಲ್ಲಿ ಜರ್ಮನ್ ಭಾಷೆಯಲ್ಲಿ ಹೊರಬಂದಿತು. ಅವರ ಮಗಳು ಐರೀನ್ ಮಾಡಿದ ಇಂಗ್ಲಿಷ್ ಅನುವಾದ 1971ರಲ್ಲಿ ಬಂದಿತು.

ಗೆಳೆಯರಿಬ್ಬರ ಜಗಳ ಸಾಮಾನ್ಯವಾದುದಲ್ಲ. ಎಲೆಕ್ಟ್ರಾನೊಂದು ಪರಮಾಣುವಿಗೆ ಬಡಿದರೆ ಮುಂದೆ ಯಾವ ದಿಕ್ಕಿಗೆ ಹಾರೀತು? ಖಚಿತವಾಗಿ ಹೇಳಲು ಬಾರದು, ಇಂತಿಷ್ಟು ಸಂಭವವೆಂದು ಮಾತ್ರ ಹೇಳಬಹುದು ಎಂದರು ಬಾರ್ನ್, 1926ರಲ್ಲಿ. ಆ ಸಂಭವವನ್ನು ಲೆಕ್ಕಹಾಕುವ ಸೂತ್ರ ಅಚ್ಚಿನ ಕರಡು ತಿದ್ದುವಾಗ ಸೇರಿಸಿದ ಒಂದು ಅಡಿಟಿಪ್ಪಣಿಯಲ್ಲಿ ಸರಿಯಾದ ರೂಪ ಪಡೆಯಿತೆಂಬುದು ಸೋಜಿಗ. ಅದೇ ವರ್ಷ ಡಿಸೆಂಬರ್ 4ರಂದು ಐನ್‌ಸ್ಟೈನ್ ಉತ್ತರ ಬರೆದರು: ಸಿದ್ಧಾಂತವೇನೋ ಫಲ ಕೊಡುತ್ತಿದೆ, ಆದರೆ ದೇವರು ಪಗಡೆಯಾಡುವನೆಂದು ತಮ್ಮ ಮನಸ್ಸು ಒಪ್ಪದು. ಅಲ್ಲಿಂದ ಕೊನೆಯವರೆಗೂ ಒಬ್ಬರು ಇನ್ನೊಬ್ಬರನ್ನು ಒಲಿಸಲಾಗಲಿಲ್ಲ.

ಈ ನಡುವೆ ಕಾಲವೇ ಕೆಟ್ಟಿತು. ಯೆಹೂದಿಯೆಂಬ ಕಾರಣಕ್ಕೆ 1933ರಲ್ಲಿ ಬಾರ್ನ್ ಗಟಿಂಗನ್ನಿನ ಪ್ರಾಧ್ಯಾಪಕ ಸ್ಥಾನ ಕಳೆದುಕೊಂಡರು. ಕೇಂಬ್ರಿಜ್ಜಿನಲ್ಲಿ ತಾತ್ಕಾಲಿಕ ಆಸರೆ ಸಿಕ್ಕಿತು. 1935-36ರಲ್ಲಿ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಗೂ ಬಂದು ಕೆಲವು ತಿಂಗಳಿದ್ದರು. ಇಲ್ಲಿ ಕಾಯಂ ಹುದ್ದೆ ಕೈಗೂಡಲಿಲ್ಲ. 1936ರಲ್ಲಿ ಎಡಿನ್‌ಬರೋದಲ್ಲಿ ನೆಲೆ ದೊರಕಿತು. ಅಲೆದಾಟದ ಈ ಹಿನ್ನೆಲೆಯಲ್ಲಿ ಓದಿದಾಗ ಗಣಿತದ ಮಾತಿನ ನಡುನಡುವೆ ಬರುವ ಕುಶಲಪ್ರಶ್ನೆಗಳಿಗೂ ಬೇರೆಯೇ ತೂಕ ಬರುತ್ತದೆ.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಪತ್ರವೇ ನುಡಿಯುತ್ತಿರುವಾಗ ಟಿಪ್ಪಣಿ ನಡುವೆ ಬಾಯಿಹಾಕುವುದುಂಟು. 1932ರ ನೊಬೆಲ್ ಪಾರಿತೋಷಕ ಹೈಸೆನ್‌ಬರ್ಗ್ ಅವರೊಬ್ಬರಿಗೇ ಸಂದಾಗ ಆದ ನೋವನ್ನು ಬಾರ್ನ್ ಮರೆತಿಲ್ಲ. ತಮಗೆ 1954ರಲ್ಲಿ ಅದು ಬಂದ ಮೇಲೂ ಮರೆತಿಲ್ಲ. ಆದರೆ ಈ ಮನುಷ್ಯನ ದೊಡ್ಡತನವೂ ಇಲ್ಲಿಯೇ ಇದೆ. ಐನ್‌ಸ್ಟೈನರ ಆಕ್ಷೇಪವನ್ನು ನೀವು ಸರಿಯಾಗಿ ಕೇಳಿಸಿಕೊಂಡೇ ಇಲ್ಲ, ನೀವೇ ಒಬ್ಬ ಹುಸಿ ಐನ್‌ಸ್ಟೈನನನ್ನು ಕಲ್ಪಿಸಿಕೊಂಡು ಅವನನ್ನು ಸೋಲಿಸುತ್ತಿದ್ದೀರಿ ಎಂಬರ್ಥದಲ್ಲಿ ಪೌಲಿ 1954ರಲ್ಲಿ ಅವರಿಗೆ ಕಟುವಾಗಿ ಬರೆದಿದ್ದರು. ಬಚ್ಚಿಡಬಹುದಾಗಿದ್ದ ಆ ಪತ್ರವನ್ನು ಬಾರ್ನ್ ಇದೇ ಗ್ರಂಥದಲ್ಲಿ ಅಚ್ಚು ಹಾಕಿಸಿದ್ದಾರೆ. ತನ್ನ ತಪ್ಪಿಗೆ ತಾನೇ ಸಾಕ್ಷಿ ಒದಗಿಸುವ ಸಂಪಾದಕರು ಎಷ್ಟು ಮಂದಿ?

ಇನ್ನೂ ಕಹಿಯಾದದ್ದು 1953ರ ಪ್ರಸಂಗ. ಬಾರ್ನ್ ನಿವೃತ್ತರಾಗಿ ಜರ್ಮನಿಗೆ ಮರಳಲು ಹೊರಟಾಗ, ನಮ್ಮವರನ್ನು ಕೊಂದವರ ನಾಡಿಗೆ ಹೋಗುವುದೆ ಎಂದು ಐನ್‌ಸ್ಟೈನ್ ಚುಚ್ಚಿದರು. ತಾವು ನೆಲಸುವ ಊರಿನಲ್ಲಿ ಹಿಟ್ಲರನ ಕಾಲದಲ್ಲಿ ನಮಗಿಂತ ಹೆಚ್ಚು ನೊಂದ ಕ್ವೇಕರರೂ ಇದ್ದಾರೆಂದು ಬಾರ್ನ್ ಉತ್ತರಿಸಿದರು. ಯಾರ ಮಾತು ಸರಿ? ಇಬ್ಬರ ನೋವೂ ನಿಜವಾದುದರಿಂದ ತೀರ್ಪು ಕೊಡಲು ಓದುಗನ ನಾಲಗೆ ಏಳದು.

ಆದರೂ ಗೆಳೆತನ ಮುರಿಯಲಿಲ್ಲ. 1955ರಲ್ಲಿ, ಐನ್‌ಸ್ಟೈನ್ ತೀರಿಕೊಳ್ಳುವುದಕ್ಕೆ ಕೆಲವೇ ದಿನ ಮುಂಚೆ ರುಜು ಹಾಕಿದ, ಅಣ್ವಸ್ತ್ರಗಳ ವಿರುದ್ಧದ ಹೇಳಿಕೆಯಲ್ಲಿ ಬಾರ್ನ್ ಅವರ ರುಜುವೂ ಇದೆ. ದೇವರ ಪಗಡೆಯ ವಿಷಯದಲ್ಲಿ ಒಪ್ಪದವರು ಮನುಷ್ಯನ ಜೂಜಿನ ವಿಷಯದಲ್ಲಿ ಒಪ್ಪಿದರು. ವಿಜ್ಞಾನ ನಮಗಲ್ಲವೆಂದು ದೂರವಿರುವ ಓದುಗರೂ ಈ ಪುಸ್ತಕವನ್ನು ಓದಬೇಕು. ಇದರಲ್ಲಿ ಸಮೀಕರಣಗಳಿಗಿಂತ ಕಠಿಣವಾದ ವಿದ್ಯೆಯೊಂದಿದೆ: ಭಿನ್ನಾಭಿಪ್ರಾಯವನ್ನು ಬಿಡದೆ ಸ್ನೇಹವನ್ನು ಉಳಿಸಿಕೊಳ್ಳುವುದು.