ಶಿಬಿರದ ಎಣಿಕೆಯೂ ವ್ರತದ ಅಳತೆಯೂ

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಶ್ರಾವಕನ ಮೂಲಗುಣಗಳನ್ನು ಹೇಳುವಾಗ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಪಂಚಾಣುವ್ರತಗಳೊಡನೆ ಸೇರಿಸಿದ್ದಾರೆ. ಆದುದರಿಂದ ಮದ್ಯವರ್ಜನ ಶಿಬಿರಗಳಿಗೆ ನಮ್ಮ ಬಸದಿಗಳ ಟ್ರಸ್ಟುಗಳೂ ಕುಟುಂಬಗಳೂ ನೆರವು ನೀಡುವುದು ಸಹಜ. ಆದರೆ ಆ ನೆರವಿನಿಂದ ಆದುದೇನೆಂದು ವಿಚಾರಿಸುವ ರೂಢಿ ನಮ್ಮಲ್ಲಿ ಕಡಿಮೆ.

ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆಯು ನಡೆಸುವ ಶಿಬಿರಗಳು ಮಂಡ್ಯ ಜಿಲ್ಲೆಗೂ ಬಂದಿವೆ. ಶಿಬಿರ ಮುಗಿದ ಮೇಲೆ ಪಾನಮುಕ್ತರನ್ನು ನವಜೀವನ ಸಮಿತಿಗಳಲ್ಲಿ ಕೂಡಿಸುವ ಅದರ ಕ್ರಮ ಶ್ಲಾಘ್ಯವಾದುದು. ಆದರೆ ಯಾವ ಶಿಬಿರವೇ ಆಗಲಿ, ಸಮಾರೋಪದ ದಿನ ಓದುವ ಸಂಖ್ಯೆಯು ಬಂದವರ ಎಣಿಕೆಯೇ ಹೊರತು ಬಿಟ್ಟವರದಲ್ಲ.

ಹಾಗಾದರೆ ಮದ್ಯದ ಮಾರಾಟವನ್ನೇ ಅಳತೆಯಾಗಿ ಹಿಡಿಯೋಣವೆ? ಅದೂ ಸುಲಭವಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆಗ ಊರಲ್ಲಿ ಕಂಡ ಬದಲಾವಣೆ ಕಾನೂನಿನದೋ ಬೋಧನೆಯದೋ? 2016ರ ಡಿಸೆಂಬರಿನಲ್ಲಿ ಹೆದ್ದಾರಿ ಬದಿಯ ಮದ್ಯದಂಗಡಿಗಳನ್ನು ತೆರವುಗೊಳಿಸುವಂತೆ ಸುಪ್ರೀಂ ಕೋರ್ಟು ಆದೇಶಿಸಿತು. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಗೊಂಡ ಮೇಲೆ ದೂರದ ವಾಹನಗಳು ಮದ್ದೂರು, ಮಂಡ್ಯ ಪೇಟೆಗಳೊಳಗೆ ಬರಬೇಕಾಗಿಲ್ಲ. ಆ ಪೇಟೆಗಳಲ್ಲಿ ಮಾರಾಟ ಇಳಿದರೆ ಅದರ ಕೀರ್ತಿಯನ್ನು ಶಿಬಿರಕ್ಕೆ ಸಲ್ಲಿಸುವಂತಿಲ್ಲ, ಏರಿದರೆ ಶಿಬಿರವನ್ನು ಹಳಿಯುವಂತೆಯೂ ಇಲ್ಲ. ಮಳವಳ್ಳಿಯ ಹಳ್ಳಿಗನೊಬ್ಬ ಕೊಳ್ಳೇಗಾಲದ ಬಸ್ಸು ಹತ್ತಿ ಕುಡಿದು ಬಂದನೆಂದರೆ ಅವನ ಊರಿನ ಲೆಕ್ಕ ಶುದ್ಧವಾಗಿಯೇ ಉಳಿಯುತ್ತದೆ! ಕಬ್ಬಿನ ಹಣ ಕೈಸೇರುವ ತಿಂಗಳನ್ನು ಕೈ ಬರಿದಾದ ತಿಂಗಳೊಡನೆ ಹೋಲಿಸುವುದೂ ಸಲ್ಲದು.

ಹಾರ ಹಾಕಿದವರೇ ಮುಂದೆ ನಿಂತು ಕೇಳಿದರೆ ಯಾರು ತಾನೆ ‘ಮತ್ತೆ ಕುಡಿದೆ’ ಎಂದಾರು? ಮನೆಯಾಕೆಯನ್ನು ಪ್ರತ್ಯೇಕವಾಗಿ, ಹೊರಗಿನವರಿಂದ ಕೇಳಿಸಬೇಕು. ಅಡವಿಟ್ಟ ಒಡವೆ ಬಿಡಿಸಿದರೆ, ಕಿರಾಣಿ ಅಂಗಡಿಯ ಬಾಕಿ ತೀರಿತೆ ಎಂಬುದು ಭಾಷಣಕ್ಕಿಂತ ನಂಬತಕ್ಕ ಸಾಕ್ಷ್ಯ. ನಡುವೆ ಶಿಬಿರ ಬಿಟ್ಟು ಹೋದವರನ್ನೂ, ಮರುಭೇಟಿಯಲ್ಲಿ ಸಿಗದವರನ್ನೂ ಎಣಿಕೆಯಿಂದ ಕೈಬಿಡಬಾರದು. ಶಿಬಿರ ನಡೆಯದ ನೆರೆಯ ಹಳ್ಳಿಯೊಂದನ್ನು ಹೋಲಿಕೆಗೆ ಇಟ್ಟುಕೊಳ್ಳದಿದ್ದರೆ ಉಳಿದ ಲೆಕ್ಕವೂ ಅರೆಬರೆಯೇ.

ಇನ್ನೊಂದು ದೋಷ ಹೆಚ್ಚು ಗಂಭೀರವಾದುದು. ವರದಿಗಳಲ್ಲಿ ಸಾಮಾನ್ಯವಾಗಿ ಎರಡೇ ಅಂಕಣ: ಬಿಟ್ಟವರು, ಬಿಡದವರು. ನಮ್ಮ ಶಾಸ್ತ್ರಕಾರರಾದರೋ ಪ್ರತಿ ವ್ರತಕ್ಕೂ ಐದು ಅತಿಚಾರಗಳನ್ನು ಹೇಳಿ, ಎಡವಿದವನಿಗೆ ಪ್ರಾಯಶ್ಚಿತ್ತದ ದಾರಿಯನ್ನೂ ತೆರೆದಿಟ್ಟರು. ಆರು ತಿಂಗಳು ಕುಡಿಯದೆ, ಮಾರಿಹಬ್ಬದಲ್ಲಿ ಒಮ್ಮೆ ಎಡವಿ, ಮತ್ತೆ ಸಮಿತಿಗೆ ಬಂದು ಕುಳಿತವನು ಯಾವ ಅಂಕಣಕ್ಕೆ ಸೇರುತ್ತಾನೆ? ಅವನನ್ನು ಸೋತವರಲ್ಲಿ ಬರೆದರೆ ಅನ್ಯಾಯ, ಗೆದ್ದವರಲ್ಲಿ ಬರೆದರೆ ಅಸತ್ಯ. ದಾನ ನೀಡುವ ಟ್ರಸ್ಟುಗಳು ಅಂಥವನಿಗಾಗಿ ಮೂರನೆಯ ಅಂಕಣವೊಂದನ್ನು ಕೇಳಲಿ. ಪೆಂಡಾಲು, ಊಟಗಳ ಖರ್ಚಿನೊಡನೆ ಹನ್ನೆರಡನೆಯ ತಿಂಗಳ ಮರುಭೇಟಿಗೂ ಹಣ ತೆಗೆದಿರಿಸಲಿ.